ಆಮೇಲೇನಾಯಿತು ಎಂದು ಕೇಳುತ್ತಿರು

ಸಾಗರ,
ನಾಗರಪಂಚಮಿಯ ಮರುದಿನ

ಚಿರಂಜೀವಿ ವಿದ್ಯಾಳಿಗೆ,

ಇಲ್ಲಿ ಮಳೆ ಒಂದೇ ಸಮನೆ ಹೊಡೆಯುತ್ತಿದೆ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಿನ್ನ ದೊಡ್ಡಮ್ಮನ ಮಂಡಿನೋವು ಥಂಡಿಗೆ ಸ್ವಲ್ಪ ಹೆಚ್ಚಾಗಿದೆ. ಆದರೂ ನಿನ್ನೆ ಅರಿಶಿನದೆಲೆಯ ಕಡುಬು ಮಾಡದೆ ಬಿಡಲಿಲ್ಲ. ನಿನಗೆ ಕಳಿಸುವ ದಾರಿ ಇಲ್ಲವಲ್ಲ ಎಂದು ಪೇಚಾಡಿದ್ದೇ ಪೇಚಾಡಿದ್ದು. ಹಾಸ್ಟೆಲಿನ ಊಟ ಬಾಯಿಗೆ ಸೇರುತ್ತಿದೆಯೇ? ರಾತ್ರಿ ಡ್ಯೂಟಿ ಮುಗಿಸಿ ಬರಿಯ ಕಾಫಿ ಕುಡಿದು ಮಲಗಬೇಡ. ಇದು ನನ್ನ ಮಾತಲ್ಲ, ದೊಡ್ಡಮ್ಮ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾಳೆ.

ಹೋದ ಭಾನುವಾರ ಫೋನಿನಲ್ಲಿ ನೀನೊಂದು ಮಾತು ಹೇಳಿದೆ. "ದೊಡ್ಡಪ್ಪಾ, ಹೊಟ್ಟೆಯ ಅನ್ಯೂರಿಸಂ ಎಲ್ಲ ಈಗ ತೊಡೆಸಂದಿನ ಎರಡು ತೂತಿನಲ್ಲೇ ಮುಗಿದುಹೋಗುತ್ತೆ. ಮೂರನೇ ದಿನ ಮನೆಗೆ ಕಳಿಸ್ತೀವಿ. ಹೊಟ್ಟೆ ತೆರೆದು ಮಾಡೋ ಆಪರೇಷನ್ನು ಪರೀಕ್ಷೆಗೆ ಓದಿದರೆ ಸಾಕು" ಅಂದೆ. ಆಗ ನಾನು ಹೂಂಗುಟ್ಟಿದೆ. ರಕ್ತನಾಳದ ಶಸ್ತ್ರಚಿಕಿತ್ಸೆಯನ್ನೇ ಹಿಡಿದು ಓದುತ್ತಿರುವವಳು ನೀನು, ತಾಲ್ಲೂಕು ಊರಿನಲ್ಲಿ ಅಪೆಂಡಿಕ್ಸು, ಹರ್ನಿಯಾ ಮಾಡಿಕೊಂಡು ವಯಸ್ಸು ಕಳೆದವನು ನಾನು. ಆದರೆ ರಾತ್ರಿ ಮಲಗಿದ ಮೇಲೂ "ಮನೆಗೆ ಕಳಿಸ್ತೀವಿ" ಎಂಬ ಮಾತು ಬಿಡಲಿಲ್ಲ. ಅದಕ್ಕೇ ಈ ಕಾಗದ. ಉದ್ದವಾದರೆ ಬೇಸರಿಸಬೇಡ, ಮಳೆಗಾಲದಲ್ಲಿ ಮುದುಕರಿಗೆ ಬೇರೆ ಕೆಲಸವಿರುವುದಿಲ್ಲ.

ನಿನ್ನಪ್ಪನೂ ಈ ಕಾಗದವನ್ನು ಇಸಿದುಕೊಂಡು ಓದುತ್ತಾನೆಂದು ನನಗೆ ಗೊತ್ತು. ಅವನಿಗಾಗಿ ಎರಡು ಮಾತು. ತಮ್ಮಾ, ಎದೆಯಿಂದ ಇಳಿದು ಬೆನ್ನುಮೂಳೆಗೆ ಒತ್ತಿಕೊಂಡು ಹೊಟ್ಟೆಯೊಳಗೆ ಬರುವ ಮಹಾಪಧಮನಿ ಸುಮಾರು 2 ಸೆಂಟಿಮೀಟರ್ ಅಗಲ ಇರುತ್ತದೆ. ಕೆಲವರಲ್ಲಿ ಅದರ ಗೋಡೆ ಸತ್ವ ಕಳೆದುಕೊಂಡು, ಹಳೆಯ ಸೈಕಲ್ ಟ್ಯೂಬು ಒಂದು ಕಡೆ ಬುಗ್ಗೆ ಎದ್ದ ಹಾಗೆ ಉಬ್ಬುತ್ತದೆ. 3 ಸೆಂಟಿಮೀಟರ್ ದಾಟಿದರೆ ಅದಕ್ಕೆ ಅನ್ಯೂರಿಸಂ ಎಂದು ಹೆಸರು. ಅಗಲವಾದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚು, ಎಳೆತ ಹೆಚ್ಚಿದಷ್ಟೂ ಅದು ಇನ್ನೂ ಅಗಲ. ಬಹುಪಾಲು ಜನರಿಗೆ ನೋವಿಲ್ಲ, ನವೆಯಿಲ್ಲ. ಒಂದು ದಿನ ಒಡೆದರೆ ಹತ್ತರಲ್ಲಿ ಸುಮಾರು ಎಂಟು ಮಂದಿ ಉಳಿಯುವುದಿಲ್ಲ, ಎಷ್ಟೋ ಜನ ಆಸ್ಪತ್ರೆಯ ಬಾಗಿಲನ್ನೂ ಕಾಣುವುದಿಲ್ಲ. ಫ್ರಾನ್ಸಿನ ಅಧ್ಯಕ್ಷರಾಗಿದ್ದ ಷಾರ್ಲ್ ಡಿ ಗಾಲ್ 1970ರ ನವೆಂಬರಿನ ಒಂದು ಸಂಜೆ ಮನೆಯಲ್ಲಿ ಒಬ್ಬರೇ ಇಸ್ಪೀಟು ಹರಡಿಕೊಂಡು ಕೂತಿದ್ದಾಗ ಹೋದದ್ದು ಹೀಗೆಯೇ. ಗಂಡಸರಿಗೆ, ಅರವತ್ತೈದು ದಾಟಿದವರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಬೀಡಿ ಸಿಗರೇಟು ಸೇದುವವರಿಗೆ ಬರುವ ಕಾಯಿಲೆ ಇದು. ನೀನು ಸಿಗರೇಟು ಬಿಟ್ಟೆನೆಂದು ಹೇಳುತ್ತೀಯ. ನಂಬಿದ್ದೇನೆ. ಆದರೂ ಒಂದು ಅಲ್ಟ್ರಾಸೌಂಡ್ ಮಾಡಿಸಿಕೋ, ಹತ್ತು ನಿಮಿಷದ ಕೆಲಸ.

ಇನ್ನು ಮತ್ತೆ ನಿನಗೆ, ವಿದ್ಯಾ. ನಾನು ಓದುವಾಗ ನಮ್ಮ ಪ್ರೊಫೆಸರು ಒಬ್ಬರಿದ್ದರು. ಅನ್ಯೂರಿಸಂ ಆಪರೇಷನ್ನಿನ ದಿನ ಉಬ್ಬಿದ ನಾಳದ ಜಾಗಕ್ಕೆ ಇಡುವ, ಡೆಕ್ರಾನ್ ಬಟ್ಟೆಯಲ್ಲಿ ಹೆಣೆದ ಕೊಳವೆಯನ್ನು ಒಂದು ಬಟ್ಟಲಲ್ಲಿಟ್ಟು, ರೋಗಿಯದೇ ರಕ್ತ ತೆಗೆದು ಅದಕ್ಕೆ ಹೊಯ್ದು ನೆನೆಸುವುದು ನನ್ನ ಕೆಲಸ. ಬಟ್ಟೆಯ ಸಣ್ಣ ಕಣ್ಣುಗಳಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಿದ ಮೇಲೆಯೇ ಹೆಪ್ಪು ತಡೆಯುವ ಹೆಪಾರಿನ್ ಕೊಡಬೇಕು, ಇಲ್ಲದಿದ್ದರೆ ನಾಳ ಹಿಡಿದ ಕ್ಲ್ಯಾಂಪ್ ಬಿಟ್ಟ ಕೂಡಲೇ ಕೊಳವೆಯ ಮೈಯೆಲ್ಲ ಬೆವರಿದಂತೆ ಸೋರುತ್ತದೆ. ಈಗ ಕೊಲಾಜನ್ ಲೇಪಿಸಿದ ಕೊಳವೆಯೇ ಪೆಟ್ಟಿಗೆಯಲ್ಲಿ ಬರುತ್ತದೆ, ನಿನಗೆ ಆ ಬಟ್ಟಲಿನ ಪರಿಚಯ ಇರಲಾರದು. ಅದು ಹೆಪ್ಪುಗಟ್ಟುವವರೆಗೆ ಪ್ರೊಫೆಸರು ಹಳೆಯ ಕಥೆ ಹೇಳುತ್ತಿದ್ದರು. ಪ್ರತಿ ಕಥೆಯ ಕೊನೆಗೂ ನಮ್ಮತ್ತ ತಿರುಗಿ, "ಆಪರೇಷನ್ ಆಯಿತು, ಸರಿ. ಆಮೇಲೇನಾಯಿತು?" ಎಂದು ಕೇಳುತ್ತಿದ್ದರು. ಪರೀಕ್ಷೆಗೆ ಬಾರದ ಪ್ರಶ್ನೆ ಎಂದು ನಾವು ಸುಮ್ಮನಿರುತ್ತಿದ್ದೆವು.

ಲಂಡನ್ನಿನ ಸರ್ಜನ್ ಜಾನ್ ಹಂಟರನ ಕಥೆ ಅವರಿಗೆ ಪ್ರೀತಿ. 1785ರಲ್ಲಿ ಕುದುರೆಗಾಡಿ ಹೊಡೆಯುವವನೊಬ್ಬನ ಮಂಡಿಯ ಹಿಂದಿನ ಅನ್ಯೂರಿಸಮ್ಮಿಗೆ ಹಂಟರ್ ಉಬ್ಬಿನ ಹತ್ತಿರ ಕೈಹಾಕದೆ, ಮೇಲೆ ತೊಡೆಯಲ್ಲಿ ಆರೋಗ್ಯವಾಗಿದ್ದ ನಾಳಕ್ಕೆ ದಾರ ಕಟ್ಟಿದ. ಕಾಲು ಉಳಿಯಿತು, ಮನುಷ್ಯ ಎದ್ದು ಓಡಾಡಿದ. ಸುಮಾರು ಒಂದೂಕಾಲು ವರ್ಷದ ಮೇಲೆ ಆತ ಬೇರೆ ಯಾವುದೋ ಜ್ವರದಲ್ಲಿ ತೀರಿಕೊಂಡಾಗ ಹಂಟರ್ ಆ ಕಾಲನ್ನು ಪಡೆದು, ಬಿಡಿಸಿ ನೋಡಿದ. ಉಬ್ಬು ಕುಗ್ಗಿಹೋಗಿತ್ತು, ಪಕ್ಕದ ಸಣ್ಣ ನಾಳಗಳು ಹಿಗ್ಗಿ ಕಾಲಿಗೆ ರಕ್ತ ಒದಗಿಸಿದ್ದವು. ಹಂಟರನ ಶಿಷ್ಯ ಆಸ್ಟ್ಲಿ ಕೂಪರ್ 1817ರಲ್ಲಿ ಇನ್ನೂ ದೊಡ್ಡ ಧೈರ್ಯ ಮಾಡಿದ. ತೊಡೆಸಂದಿನ ಅನ್ಯೂರಿಸಂ ಒಡೆದು ರಕ್ತ ಹೋಗುತ್ತಿದ್ದ ಹಮಾಲಿಯೊಬ್ಬನ ಹೊಟ್ಟೆ ತೆರೆದು, ಬೆರಳು ತೂರಿಸಿ, ಮಹಾಪಧಮನಿಗೇ ದಾರ ಬಿಗಿದ. ಅರಿವಳಿಕೆ ಇನ್ನೂ ಹುಟ್ಟಿರದ ಕಾಲ ಅದು! ಆ ಬಡಪಾಯಿ 40 ಗಂಟೆ ಬದುಕಿದ್ದ. ಮಹಾಪಧಮನಿಗೆ ದಾರ ಕಟ್ಟಿದ ರೋಗಿಯೊಬ್ಬರು ಬದುಕಿ ಉಳಿಯಲು ಜಗತ್ತು ಅಲ್ಲಿಂದ ನೂರು ವರ್ಷಕ್ಕೂ ಮೇಲ್ಪಟ್ಟು ಕಾಯಬೇಕಾಯಿತು. 1923ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ರುಡಾಲ್ಫ್ ಮ್ಯಾಟಸ್ ಅದನ್ನು ಸಾಧಿಸಿದ. ಆ ಹೆಂಗಸು ಒಂದೂವರೆ ವರ್ಷದ ಆಸುಪಾಸು ಬದುಕಿದ್ದು, ಕೊನೆಗೆ ಕ್ಷಯದಿಂದ ತೀರಿಕೊಂಡಳು.

ಮ್ಯಾಟಸನ ಇನ್ನೊಂದು ಕೆಲಸ ಇದಕ್ಕಿಂತ ಹಳೆಯದು. 1888ರಲ್ಲಿ ತೋಳಿನ ಅನ್ಯೂರಿಸಂ ಒಂದಕ್ಕೆ ಮೇಲೆ ಕಟ್ಟಿದ, ಬಡಿತ ನಿಲ್ಲಲಿಲ್ಲ. ಕೆಳಗೂ ಕಟ್ಟಿದ, ಆಗಲೂ ನಿಲ್ಲಲಿಲ್ಲ. ಕೊನೆಗೆ ಚೀಲವನ್ನೇ ಸೀಳಿ ಒಳಗಿಣುಕಿದರೆ, ಪಕ್ಕದಿಂದ ಬಂದು ಸೇರುವ ನಾಳಗಳ ಬಾಯಿಗಳು ಕಾಣಿಸಿದವು. ಅವನ್ನು ಒಳಗಿನಿಂದಲೇ ಹೊಲಿದ. ಈ ಪಕ್ಕದ ಬಾಯಿಗಳನ್ನು ನೆನಪಿನಲ್ಲಿಟ್ಟುಕೋ, ಮುಂದೆ ಮತ್ತೆ ಬರುತ್ತವೆ. ಹೊಲಿಗೆಯ ವಿಚಾರಕ್ಕೆ ಬಂದರೆ ಫ್ರಾನ್ಸಿನ ಲಿಯೋನಿನ ಅಲೆಕ್ಸಿ ಕರೆಲ್ ಕಸೂತಿ ಹಾಕುವ ಹೆಂಗಸಿನ ಬಳಿ ಕೂತು ಸಣ್ಣ ಸೂಜಿಯ ಕೆಲಸ ಕಲಿತು, ನಾಳಕ್ಕೆ ನಾಳ ಜೋಡಿಸುವ ಬಗೆಯನ್ನು 1902ರಲ್ಲಿ ಬರೆದ. ಹತ್ತು ವರ್ಷಕ್ಕೆ ನೊಬೆಲ್ ಬಂತು. ನಿನಗೆ ಚಿಕ್ಕಂದಿನಲ್ಲಿ ಅಜ್ಜಿ ಕಸೂತಿ ಕಲಿಸಲು ಕರೆದಾಗ ನೀನು ಮಾವಿನ ಮರ ಹತ್ತಿ ಕೂರುತ್ತಿದ್ದೆ. ಈಗಲಾದರೂ ಪಶ್ಚಾತ್ತಾಪ ಪಡು.

ಐನ್‌ಸ್ಟೈನ್ ಸಾಹೇಬರ ಕಥೆ ನಿನಗೆ ಪುಸ್ತಕದಲ್ಲೇ ಸಿಕ್ಕಿರುತ್ತದೆ. ಹೊಟ್ಟೆನೋವೆಂದು 1948ರ ಡಿಸೆಂಬರಿನಲ್ಲಿ ಬ್ರೂಕ್ಲಿನ್ನಿನ ಆಸ್ಪತ್ರೆಯಲ್ಲಿ ರುಡಾಲ್ಫ್ ನಿಸೆನ್ ಹೊಟ್ಟೆ ತೆರೆದಾಗ ಕಂಡದ್ದು ಚಿಕ್ಕ ಚಕ್ಕೋತದಷ್ಟು ದೊಡ್ಡ ಅನ್ಯೂರಿಸಂ. ನಿಸೆನ್ ಕೂಡ ಹಿಟ್ಲರನ ಜರ್ಮನಿಯನ್ನು ಬಿಟ್ಟುಬಂದವನೇ. ಕತ್ತರಿಸಿ ತೆಗೆದರೆ ಆ ಜಾಗಕ್ಕೆ ಇಡಲು ಆಗ ಏನೂ ಇರಲಿಲ್ಲ. ಸಿಹಿತಿಂಡಿ ಪೊಟ್ಟಣಕ್ಕೆ ಸುತ್ತುವ ಸೆಲ್ಲೋಫೇನ್ ಹಾಳೆಯನ್ನು ಉಬ್ಬಿನ ಮೇಲೆ ಹೊದಿಸಿದ. ಸೆಲ್ಲೋಫೇನ್ ಅಂಗಾಂಶವನ್ನು ಕೆರಳಿಸುತ್ತದೆ, ಸುತ್ತಲೂ ಗಟ್ಟಿ ನಾರು ಬೆಳೆಯುತ್ತದೆ, ಆ ನಾರೇ ಕವಚವಾಗಲಿ ಎಂಬ ಲೆಕ್ಕ. ಐನ್‌ಸ್ಟೈನ್ ಆಮೇಲೆ ಆರು ವರ್ಷಕ್ಕೂ ಹೆಚ್ಚು ಬದುಕಿದರು. 1955ರ ಏಪ್ರಿಲಿನಲ್ಲಿ ಅನ್ಯೂರಿಸಂ ಸೋರತೊಡಗಿದಾಗ ನ್ಯೂಯಾರ್ಕಿನಿಂದ ಬಂದ ಸರ್ಜನ್ ಆಪರೇಷನ್ ಮಾಡೋಣವೆಂದ. ಆ ಹೊತ್ತಿಗೆ ದಾರಿಯೂ ತೆರೆದಿತ್ತು. ಅವರು ಒಲ್ಲೆನೆಂದರು. ಆಯುಸ್ಸನ್ನು ಕೃತಕವಾಗಿ ಎಳೆಯುವುದು ಅವರಿಗೆ ಬೇಕಿರಲಿಲ್ಲ. 18ನೇ ತಾರೀಖು ತೀರಿಕೊಂಡರು, 76 ವರ್ಷ. ಬೇಡ ಎನ್ನುವ ಹಕ್ಕು ರೋಗಿಯದು. ಇದನ್ನು ನಿನ್ನ ಕೈ ಪಳಗಿದ ಮೇಲೂ ಮರೆಯಬೇಡ, ಕೈ ಪಳಗಿದವರೇ ಅದನ್ನು ಬೇಗ ಮರೆಯುವುದು.

ಆ ನಡುವೆ ದಾರಿ ತೆರೆದದ್ದು ಪ್ಯಾರಿಸಿನಲ್ಲಿ. ಜಾಕ್ ಊದೋ ಎಂಬ ಸರ್ಜನ್ 1950ರಲ್ಲಿ ಅನ್ನಪೂರ್ಣಾ ಶಿಖರ ಹತ್ತಿದ ಫ್ರೆಂಚ್ ತಂಡದ ವೈದ್ಯ. ಹಿಮದಿಂದ ಕೈಕಾಲಿನ ಬೆರಳು ಸತ್ತು ಇಳಿದವರಿಗೆ ಬೆಟ್ಟದ ಬುಡದಲ್ಲೇ ನಾಳದೊಳಗೆ ಇಂಜೆಕ್ಷನ್ ಕೊಡುತ್ತ ಕೆಳಗೆ ತಂದವನು. ಅದೇ ವರ್ಷ ನವೆಂಬರಿನಲ್ಲಿ, ಮಹಾಪಧಮನಿ ಎರಡಾಗಿ ಕವಲೊಡೆಯುವ ಜಾಗ ಮುಚ್ಚಿಹೋಗಿದ್ದ ರೋಗಿಯೊಬ್ಬಳಿಗೆ ಸತ್ತವರ ದೇಹದಿಂದ ತೆಗೆದ ನಾಳ ಜೋಡಿಸಿದ. ನಾಲ್ಕು ತಿಂಗಳಾದ ಮೇಲೆ, 1951ರ ಮಾರ್ಚ್ 29ರಂದು, ಷಾರ್ಲ್ ಡುಬೊಸ್ಟ್ 50 ವರ್ಷದ ಗಂಡಸಿನ ಹೊಟ್ಟೆಯ ಅನ್ಯೂರಿಸಮ್ಮನ್ನು ಕತ್ತರಿಸಿ ತೆಗೆದು, ಮೂರು ವಾರದ ಹಿಂದೆ ತೀರಿಹೋಗಿದ್ದ 20 ವರ್ಷದ ಹುಡುಗಿಯೊಬ್ಬಳ ಎದೆಯ ಮಹಾಪಧಮನಿಯ ತುಂಡನ್ನು ಆ ಜಾಗದಲ್ಲಿಟ್ಟು ಹೊಲಿದ. ಆ ಮನುಷ್ಯ ಎಂಟು ವರ್ಷ ಬದುಕಿದ.

ಸುದ್ದಿ ತಿಳಿದದ್ದೇ ತಡ, ಎಲ್ಲ ಕಡೆ ಇದೇ ಆಪರೇಷನ್. ಆಮೇಲೇನಾಯಿತು? ಎರವಲು ತಂದ ಆ ನಾಳಗಳು ವರ್ಷಗಳು ಕಳೆದಂತೆ ಸುಣ್ಣಗಟ್ಟಿದವು, ಕೆಲವು ತಾವೇ ಉಬ್ಬಿದವು, ಕೆಲವು ಒಡೆದವು. ಸಿಗುವುದೂ ಕಷ್ಟ. ಬೇರೆಯದೇನಾದರೂ ಬೇಕಿತ್ತು.

ಅದನ್ನು ಕೊಟ್ಟವನು ನಿನ್ನಂತೆಯೇ ಒಬ್ಬ ಜೂನಿಯರ್ ಡಾಕ್ಟರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆರ್ಥರ್ ವೂರ್ಹೀಸ್ ಎಂಬವನು 1947ರಲ್ಲಿ ನಾಯಿಗಳ ಹೃದಯದ ಮೇಲೆ ಪ್ರಯೋಗ ಮಾಡುತ್ತಿದ್ದಾಗ ಒಂದು ರೇಷ್ಮೆ ಹೊಲಿಗೆ ತಪ್ಪಿ ಹೃದಯದ ಕೋಣೆಯೊಳಗೆ ಅಡ್ಡವಾಗಿ ಉಳಿದುಬಿಟ್ಟಿತು. ತಿಂಗಳುಗಳ ನಂತರ ಆ ನಾಯಿಯನ್ನು ಕೊಯ್ದು ನೋಡಿದರೆ, ದಾರದ ಮೈಗೆಲ್ಲ ಹೃದಯದ ಒಳಪದರದಂಥದೇ ಹೊಳೆಯುವ ತೆಳು ಪೊರೆ. ದಾರಕ್ಕೆ ಪೊರೆ ಬೆಳೆಯುವುದಾದರೆ ಬಟ್ಟೆಗೂ ಬೆಳೆಯಬೇಕಲ್ಲ? ರೇಷ್ಮೆ ಕರ್ಚೀಫಿನಿಂದ ಕೊಳವೆ ಹೊಲಿದು ನಾಯಿಗೆ ಜೋಡಿಸಿ ನೋಡಿದ. ಅದು ಹೆಚ್ಚು ಹೊತ್ತು ತಡೆಯಲಿಲ್ಲ. ಆಮೇಲೆ ವಿನಿಯಾನ್-ಎನ್ ಎಂಬ ಕೃತಕ ಬಟ್ಟೆ ಹಿಡಿದ. 1952ರಲ್ಲಿ ನಾಯಿಗಳ ಫಲಿತಾಂಶ ಪ್ರಕಟವಾಯಿತು, ಮರುವರ್ಷ ಮನುಷ್ಯರಿಗೆ ಹಾಕಿದರು, 1954ರಲ್ಲಿ 18 ರೋಗಿಗಳ ವಿವರ ಬಂತು. ಆ ನಾಯಿಯನ್ನು ಮತ್ತೆ ತೆರೆದು ನೋಡದೆ ಹೋಗಿದ್ದರೆ ಆ ದಾರ ಬರಿಯ ತಪ್ಪು ಹೊಲಿಗೆಯಾಗಿಯೇ ಉಳಿಯುತ್ತಿತ್ತು.

ಅದೇ ಕಾಲಕ್ಕೆ ಹ್ಯೂಸ್ಟನ್ನಿನಲ್ಲಿ ಸರ್ಜನ್ ಮೈಕೇಲ್ ಡಿಬೇಕಿ ನೈಲಾನ್ ಬಟ್ಟೆ ಕೊಳ್ಳಲು ಅಂಗಡಿಗೆ ಹೋದ. ನೈಲಾನ್ ಮುಗಿದಿತ್ತು, ಅಂಗಡಿಯವರು ಹೊಸದಾಗಿ ಬಂದ ಡೆಕ್ರಾನ್ ತೋರಿಸಿದರು. ಬೆರಳಲ್ಲಿ ಸವರಿ ನೋಡಿ ಕೊಂಡುತಂದು, ಹೆಂಡತಿಯ ಹೊಲಿಗೆ ಯಂತ್ರದಲ್ಲೇ ಕೊಳವೆ ಹೊಲಿದ. ಹೊಲಿಗೆಯನ್ನು ಚಿಕ್ಕಂದಿನಲ್ಲಿ ತಾಯಿ ಕಲಿಸಿದ್ದಳು. ನೈಲಾನ್ ಸಿಗದಿದ್ದದ್ದು ಎಂಥ ಪುಣ್ಯವೆಂದು ಗೊತ್ತಾದದ್ದು ಆಮೇಲೆ. ನೈಲಾನ್ ಮೈಯೊಳಗೆ ತಿಂಗಳುಗಳಲ್ಲಿ ಬಲ ಕಳೆದುಕೊಳ್ಳುತ್ತದೆ, ಡೆಕ್ರಾನ್ ಹಿಡಿದು ನಿಲ್ಲುತ್ತದೆ. ಡೆಕ್ರಾನ್ ಎಂದರೆ ಬೇರೇನಲ್ಲ ಮಗಳೇ, ನಮ್ಮ ಕಾಲದ ಹುಡುಗರು ಕಾಲೇಜಿಗೆ ಹಾಕಿಕೊಂಡು ಮೆರೆಯುತ್ತಿದ್ದ ಟೆರಿಲಿನ್ ಷರ್ಟಿನ ಬಟ್ಟೆಯೇ. ನಿನ್ನಪ್ಪನ ಹತ್ತಿರ ಅಂಥ ನೀಲಿಯದೊಂದಿತ್ತು. ಡಿಬೇಕಿಗೆ 97ನೇ ವಯಸ್ಸಿನಲ್ಲಿ ಹೃದಯದ ಬಳಿಯ ಮಹಾಪಧಮನಿ ಸೀಳಿಕೊಂಡಾಗ, 2006ರಲ್ಲಿ, ಅವನ ಕೈಕೆಳಗೆ ಬೆಳೆದವರೇ ಆಪರೇಷನ್ ಮಾಡಿ ಡೆಕ್ರಾನ್ ಕೊಳವೆ ಇಟ್ಟರು. ಇನ್ನೂ ಎರಡು ವರ್ಷ ಬದುಕಿದ.

ಹೊಟ್ಟೆ ತೆರೆದು ಮಾಡುವ ಆಪರೇಷನ್ನಿಗೆ ಈಗಿನ ರೂಪ ಕೊಟ್ಟವನು ನ್ಯೂ ಆರ್ಲಿಯನ್ಸಿನ ಆಸ್ಕರ್ ಕ್ರೀಚ್. ಮೊದಲೆಲ್ಲ ಉಬ್ಬಿದ ಚೀಲವನ್ನು ಪೂರ್ತಿ ಕಿತ್ತು ತೆಗೆಯುತ್ತಿದ್ದರು. ಬೆನ್ನಿಗೆ ಅಂಟಿದ ದೊಡ್ಡ ಅಭಿಧಮನಿಗಳು ಹರಿದು, ರಕ್ತ ಹೋಗಿ ರೋಗಿಗಳು ಟೇಬಲ್ಲಿನಲ್ಲೇ ಸಾಯುವುದಿತ್ತು. ಕ್ರೀಚ್ 1966ರಲ್ಲಿ ಬರೆದದ್ದು ಇಷ್ಟು: ಚೀಲ ಇದ್ದಲ್ಲೇ ಇರಲಿ. ತೆರೆ, ಹೆಪ್ಪು ತೆಗೆ, ಪಕ್ಕದ ಬಾಯಿಗಳನ್ನು ಮ್ಯಾಟಸ್ ಮಾಡಿದ ಹಾಗೆ ಒಳಗಿನಿಂದ ಹೊಲಿ, ಕೊಳವೆಯನ್ನು ಒಳಗೇ ಜೋಡಿಸು, ಚೀಲವನ್ನು ಅದರ ಮೇಲೆ ಮುಚ್ಚು. ಕೊನೆಯ ಮಾತು ನೋಡಲು ಸಣ್ಣದು. ಆದರೆ ಆ ಹೊದಿಕೆಯಿಂದಲೇ ಕರುಳು ಬಟ್ಟೆಗೆ ತಾಗದೆ ದೂರ ಉಳಿಯುತ್ತದೆ. ತಾಗಿದರೆ ಏನಾಗುತ್ತದೆಂದು ನಾನು ನೋಡಿದ್ದೇನೆ.

ನಮ್ಮ ಕಡೆಯ ಒಬ್ಬ ಮೇಷ್ಟ್ರು, ಬೀಡಿಯ ಚಟ, ಹೊಟ್ಟೆಯಲ್ಲಿ ಬಡಿಯುವ ಗಡ್ಡೆ. ನಾನೇ ಕಂಡುಹಿಡಿದು ದೊಡ್ಡ ಊರಿಗೆ ಕಳಿಸಿದೆ. ಆಪರೇಷನ್ ಚೆನ್ನಾಗಿ ಆಯಿತು. ಬಂದು ಕೈಮುಗಿದು, ಒಂದು ಡಬ್ಬಿ ಜೋನಿಬೆಲ್ಲ ಕೊಟ್ಟು ಹೋದರು. ನನಗೆ ಹೆಮ್ಮೆ. ಅಲ್ಲಿಗೆ ಅವರ ಕಥೆ ಮುಗಿಯಿತೆಂದುಕೊಂಡೆ. ಕೆಲವು ವರ್ಷಗಳ ಮೇಲೆ ಕಪ್ಪಗೆ ಭೇದಿಯಾಗುತ್ತಿದೆ, ಸುಸ್ತು ಎಂದು ಬಂದರು. ಹೊಟ್ಟೆಯ ಮೇಲಿನ ಉದ್ದ ಗೆರೆ ನನ್ನ ಕಣ್ಣೆದುರೇ ಇತ್ತು. ಅಲ್ಸರ್ ಎಂದುಕೊಂಡು ಔಷಧಿ ಬರೆದೆ. ರಕ್ತ ನಿಂತಿತು, ಔಷಧಿ ಹಿಡಿಯಿತೆಂದು ಇಬ್ಬರೂ ನಂಬಿದೆವು. ನಾಲ್ಕಾರು ದಿನಕ್ಕೆ ಬಾಯಿಂದ ರಕ್ತ ಸುರಿಯಿತು, ಶಿವಮೊಗ್ಗದ ದಾರಿಯಲ್ಲೇ ಹೋದರು. ಒಳಗಿಟ್ಟ ಕೊಳವೆಗೂ ಕರುಳಿಗೂ ನಡುವೆ ತೂತು ಬಿದ್ದರೆ ಮೊದಲು ಸ್ವಲ್ಪ ರಕ್ತ ಹೋಗಿ ನಿಲ್ಲುತ್ತದೆ, ಆಮೇಲೆ ಬರುವುದು ಪ್ರಳಯ. ಓದಿದ್ದೆ, ನೆನಪಾಗಲಿಲ್ಲ. ತಪ್ಪು ನನ್ನದೇ. ಮೊದಲ ರಕ್ತದ ದಿನವೇ ಕಳಿಸಿದ್ದರೆ ಉಳಿಯುತ್ತಿದ್ದರೆಂದು ಹೇಳಲಾರೆ, ಆದರೆ ಒಂದು ಅವಕಾಶವಂತೂ ಇರುತ್ತಿತ್ತು.

ಈಗ ನಿನ್ನ ತೊಡೆಸಂದಿನ ತೂತುಗಳಿಗೆ ಬರೋಣ. ಅವನ್ನು ನಾನು ಹಗುರ ಮಾಡುತ್ತಿಲ್ಲ. ಖಾರ್ಕಿವ್‌ನಲ್ಲಿ ನಿಕೊಲಾಯ್ ವೊಲೊಡೊಸ್ 1987ರಲ್ಲೇ ಎದೆಯ ಮಹಾಪಧಮನಿಗೆ ನಾಳದೊಳಗಿಂದಲೇ ಕೊಳವೆ ಇಟ್ಟಿದ್ದ. ರಷ್ಯನ್ ಭಾಷೆಯಲ್ಲಿ ಬರೆದದ್ದರಿಂದ ಪಶ್ಚಿಮದವರು ಬಹುಕಾಲ ಗಮನಿಸಲಿಲ್ಲ. 1990ರ ಸೆಪ್ಟೆಂಬರ್ 7ರಂದು ಬ್ಯೂನಸ್ ಐರಿಸಿನಲ್ಲಿ ಹುವಾನ್ ಪರೋದಿ, ಹೊಟ್ಟೆ ತೆರೆದರೆ ತಡೆಯಲಾರದ ರೋಗಿಯೊಬ್ಬನಿಗೆ, ಹುಲಿಯೋ ಪಾಲ್ಮಾಸ್ ಮಾಡಿದ ಸ್ಟೆಂಟಿಗೆ ಡೆಕ್ರಾನ್ ಕೊಳವೆ ಹೊಲಿದು, ತೊಡೆಯ ನಾಳದಿಂದ ಮೇಲೇರಿಸಿ, ಉಬ್ಬಿನೊಳಗೆ ಬಿಚ್ಚಿ ಕೂರಿಸಿದ. ನೋಡು, ಇಲ್ಲೂ ಅದೇ ಬಟ್ಟೆ, ಅದೇ ಹೊಲಿಗೆ, ದಾರಿ ಮಾತ್ರ ಬೇರೆ. ಕ್ಲ್ಯಾಂಪ್ ಇಲ್ಲ, ಹೊಟ್ಟೆ ಸೀಳುವುದಿಲ್ಲ, ಕ್ಲ್ಯಾಂಪ್ ತೆಗೆದಾಗ ಬಿಪಿ ಕುಸಿಯುವ ಗಂಡಾಂತರವಿಲ್ಲ. ಎಂಬತ್ತರ ಅಜ್ಜಂದಿರು, ಶ್ವಾಸಕೋಶ ಹಾಳಾದವರು ಎದ್ದು ಮನೆಗೆ ಹೋಗುತ್ತಾರೆ. ನಮ್ಮ ಕಾಲದಲ್ಲಿ ಅಂಥವರಿಗೆ ನಾವು ಕೈಮುಗಿದು ಕಳಿಸುತ್ತಿದ್ದೆವು.

ಬ್ರಿಟನ್ನಿನವರು ಎರಡನ್ನೂ ತಾಳೆ ನೋಡಿದರು. ಮೊದಲ 30 ದಿನದಲ್ಲಿ ಹೊಟ್ಟೆ ತೆರೆಸಿಕೊಂಡವರಲ್ಲಿ ತೀರಿಕೊಂಡವರು ನೂರಕ್ಕೆ 4.7, ಒಳಗಿಂದ ಮಾಡಿಸಿಕೊಂಡವರಲ್ಲಿ 1.7. ಇದು 2004ರ ಸುದ್ದಿ. ಜಗತ್ತೆಲ್ಲ ಹೊಸ ದಾರಿಗೆ ಹೊರಳಿತು. ಆದರೆ ಅವರು ಲೆಕ್ಕದ ಪುಸ್ತಕ ಮುಚ್ಚಲಿಲ್ಲ, ಆ ರೋಗಿಗಳನ್ನು ಹದಿನೈದು ವರ್ಷ ಹಿಂಬಾಲಿಸಿದರು. ಕೆಲವು ವರ್ಷಗಳಲ್ಲೇ ಎರಡೂ ಗುಂಪು ಸಮಸಮವಾದವು. 2016ರಲ್ಲಿ ಪ್ರಕಟವಾದ ಕೊನೆಯ ವರದಿಯ ಪ್ರಕಾರ, ಎಂಟು ವರ್ಷ ದಾಟಿದ ಮೇಲೆ ಹೊಟ್ಟೆ ತೆರೆಸಿಕೊಂಡವರೇ ಹೆಚ್ಚು ಬದುಕಿದ್ದರು. ಕಾರಣ ನಿನಗೆ ಗೊತ್ತು. ಒಳಗಿಟ್ಟ ಕೊಳವೆ ಜಾರಬಹುದು, ಉಬ್ಬಿನ ಕತ್ತಿನ ಭಾಗ ಹಿಗ್ಗಬಹುದು, ಮ್ಯಾಟಸ್ ಕಂಡ ಆ ಪಕ್ಕದ ಬಾಯಿಗಳು ಚೀಲವನ್ನು ಮತ್ತೆ ತುಂಬಬಹುದು. ನೀವು ಎಂಡೋಲೀಕ್ ಎಂದು ನಂಬರು ಹಾಕಿ ಕರೆಯುವುದೆಲ್ಲ ಅದೇ. ಚೀಲ ಸದ್ದಿಲ್ಲದೆ ದೊಡ್ಡದಾಗಿ ಒಡೆಯುತ್ತದೆ, ರೋಗಿ ಮಾತ್ರ ತನಗೆ ವಾಸಿಯಾಗಿದೆ ಎಂದುಕೊಂಡಿರುತ್ತಾನೆ.

ಹಾಗಾದರೆ ಹಳೆಯದೇ ಮೇಲೆಂದು ನಾನು ಹೇಳುತ್ತಿದ್ದೇನೆಯೇ? ಇಲ್ಲ ಮಗಳೇ. ಅರವತ್ತರ ಗಟ್ಟಿಮುಟ್ಟಾದ ಮನುಷ್ಯನಿಗೂ ಎಂಬತ್ತೈದರ ಉಬ್ಬಸದ ಅಜ್ಜನಿಗೂ ಒಂದೇ ಉತ್ತರ ಇರಲಾರದು. ಎರಡೂ ಕೈಯಲ್ಲಿರಲಿ. ಒಳಗಿಟ್ಟದ್ದು ಕೆಟ್ಟಾಗ ಕೊನೆಗೆ ಹೊಟ್ಟೆಯನ್ನೇ ತೆರೆಯಬೇಕಾಗುತ್ತದೆ. ಆ ದಿನ ತೆರೆಯಲು ಬರುವವರೇ ಊರಲ್ಲಿ ಇಲ್ಲವೆಂದಾದರೆ? ಹಿರಿಯರು ತೆರೆದು ಮಾಡುವ ದಿನ ಯಾರದಾದರೂ ಡ್ಯೂಟಿ ಬದಲಿಸಿಕೊಂಡಾದರೂ ಹೋಗಿ ನಿಲ್ಲು. ಕೈಹಾಕದೆ ಕಾಯುವುದೂ ವಿದ್ಯೆಯೇ. 5.5 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಬೇಗ ಆಪರೇಷನ್ ಮಾಡಿಸಿಕೊಂಡವರಿಗೂ ಅಳತೆ ನೋಡುತ್ತ ಕಾದವರಿಗೂ ಆಯುಸ್ಸಿನಲ್ಲಿ ವ್ಯತ್ಯಾಸವಿಲ್ಲವೆಂದು 1998ರಲ್ಲೇ ಬ್ರಿಟನ್ನಿನಲ್ಲಿ ತೋರಿಸಿದ್ದಾರೆ. ಇಂಗ್ಲೆಂಡಿನಲ್ಲಿ ಗಂಡಸರಿಗೆ 65 ತುಂಬಿದ ವರ್ಷ ಸರ್ಕಾರವೇ ಸ್ಕ್ಯಾನಿಗೆ ಕರೆಯುತ್ತದೆ. ನಮ್ಮಲ್ಲಿ ಕರೆಯುವವರಿಲ್ಲ, ಅದಕ್ಕೇ ನಿನ್ನಪ್ಪನನ್ನು ನಾನು ಕರೆದದ್ದು.

ನಾನು ಹೇಳಬೇಕಾದದ್ದು ಒಂದೇ ಮಾತು, ಅದಕ್ಕೆ ಇಷ್ಟು ಸುತ್ತಿದೆ. "ಮನೆಗೆ ಕಳಿಸ್ತೀವಿ" ಎಂಬಲ್ಲಿಗೆ ನಿಲ್ಲಬೇಡ. ರೋಗಿ ಮನೆಗೆ ಹೋದ ಮೇಲೇನಾಯಿತೆಂದು ಕೇಳುತ್ತಿರು. ಈ ವಿದ್ಯೆಯಲ್ಲಿ ನಿಜವಾಗಿ ಮುಂದೆ ಹೋದವರೆಲ್ಲ ಹಾಗೆ ಕೇಳಿದವರೇ.

ಇದಕ್ಕೆ ದೊಡ್ಡ ಏರ್ಪಾಡು ಬೇಡ. ನಿನ್ನದೇ ಒಂದು ಪುಸ್ತಕವಿಡು. ನೀನು ಕೈಹಾಕಿದ ಪ್ರತಿಯೊಬ್ಬರಿಗೂ ಒಂದೊಂದು ಪುಟ: ಊರು, ಫೋನ್ ನಂಬರು, ಮಗನದೋ ಪಕ್ಕದ ಮನೆಯವರದೋ ಇನ್ನೊಂದು ನಂಬರು, ಕೊಳವೆ ಯಾವುದು, ಅಳತೆ ಎಷ್ಟು, ಮುಂದಿನ ಸ್ಕ್ಯಾನ್ ಯಾವಾಗ. ಸ್ಕ್ಯಾನಿನ ತಿಂಗಳು ಬಂದಾಗ ನೀನೇ ಫೋನು ಮಾಡು. ನಮ್ಮ ಹಳ್ಳಿಗಳ ಜನ ನೋವಿಲ್ಲದೆ ಆಸ್ಪತ್ರೆಗೆ ಬರುವವರಲ್ಲ. ಬಸ್ ಚಾರ್ಜು, ಸ್ಕ್ಯಾನಿನ ಖರ್ಚು, ಅಡಕೆ ಕೊಯ್ಲು, ಎಲ್ಲವೂ ಅಡ್ಡ ನಿಲ್ಲುತ್ತವೆ. ಕರೆದರೆ ಬರುತ್ತಾರೆ. ಬರಲಾಗದವರಿಗೆ ಹತ್ತಿರದ ಊರಿನಲ್ಲಿ ಅಲ್ಟ್ರಾಸೌಂಡ್ ಮಾಡಿಸಿ ಚೀಲದ ಅಳತೆಯನ್ನಾದರೂ ತರಿಸಿಕೋ.

ಇನ್ನೊಂದು ಕೆಲಸ. ಡಿಸ್ಚಾರ್ಜ್ ಚೀಟಿಯ ಜೊತೆಗೆ ಕನ್ನಡದಲ್ಲಿ ಒಂದು ಕಾರ್ಡು ಬರೆದುಕೊಡು: "ಈ ವ್ಯಕ್ತಿಯ ಹೊಟ್ಟೆಯ ಮಹಾಪಧಮನಿಯಲ್ಲಿ ಕೃತಕ ಕೊಳವೆ ಇದೆ. ಕಪ್ಪು ಭೇದಿ, ರಕ್ತವಾಂತಿ, ಕಾರಣ ತಿಳಿಯದ ಜ್ವರ, ಹೊಸದಾಗಿ ಬೆನ್ನು ಅಥವಾ ಹೊಟ್ಟೆನೋವು ಬಂದರೆ ತಡಮಾಡದೆ ಈ ನಂಬರಿಗೆ ತಿಳಿಸಿ." ಅದನ್ನು ಓದುವವನು ನನ್ನಂಥ ಊರಿನ ಡಾಕ್ಟರು. ಮೇಷ್ಟ್ರ ಜೇಬಿನಲ್ಲಿ ಅಂಥದೊಂದು ಕಾರ್ಡು ಇದ್ದಿದ್ದರೆ ನಾನು ಅಲ್ಸರಿನ ಗುಳಿಗೆ ಬರೆಯುತ್ತಿರಲಿಲ್ಲ.

ಕೆಲವು ಪುಟಗಳು ನಿನಗೆ ಬೇಸರ ತರುತ್ತವೆ. ನೀನು ಸೊಗಸಾಗಿ ಮಾಡಿದೆನೆಂದುಕೊಂಡದ್ದು ಐದು ವರ್ಷಕ್ಕೆ ಕೆಟ್ಟಿರುತ್ತದೆ. ಆ ಪುಟಗಳನ್ನು ಹರಿಯಬೇಡ, ಹೆಚ್ಚು ಕಲಿಸುವವು ಅವೇ. ಬಿಡುವಿಲ್ಲ ಎನ್ನುತ್ತೀಯ, ಗೊತ್ತು. ವಾರಕ್ಕೆ ಇಬ್ಬರಿಗೆ ಫೋನು ಮಾಡಲು ಕಾಫಿ ಕುಡಿಯುವಷ್ಟು ಹೊತ್ತು ಸಾಕು.

ದೀಪಾವಳಿಗೆ ರಜೆ ಸಿಕ್ಕರೆ ಬಾ. ಸಿಗದಿದ್ದರೆ ಬೇಸರ ಮಾಡಿಕೊಳ್ಳಬೇಡ, ನಾವೇ ಬರುತ್ತೇವೆ, ದೊಡ್ಡಮ್ಮನ ಮಂಡಿ ಒಪ್ಪಬೇಕಷ್ಟೆ. ನಿನ್ನಪ್ಪ ಸ್ಕ್ಯಾನ್ ಮಾಡಿಸಿಕೊಂಡನೋ ಇಲ್ಲವೋ ವಿಚಾರಿಸಿ ನನಗೆ ತಿಳಿಸು. ಆ ಪುಸ್ತಕವನ್ನು ಮಾತ್ರ ಮುಂದಿನ ತಿಂಗಳಿಗೆ ತಳ್ಳಬೇಡ, ಈ ವಾರವೇ ಕೊಂಡುಕೋ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ